ಕೆಳಗಿನ ಕಟ್ಟೆಯ ದನಿ

ದೆವ್ವ ಭೂತಗಳನ್ನು ನಾನು ನಂಬಿದವಳಲ್ಲ. ನಂಬುವುದಾದರೂ ಹೇಗೆ? ನಾಟಕದ ಕಂಪನಿ ಸೇರಿದ ಹೊಸದರಲ್ಲಿ ನನಗೆ ಸಿಕ್ಕ ಮೊದಲ ಪಾತ್ರವೇ ಮೋಹಿನಿ ದೆವ್ವದ್ದು. ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು, ಕೂದಲು ಕೆದರಿಕೊಂಡು, ಪರದೆಯ ಸಂದಿಯಿಂದ ಬಂದು ಒಂದು ಹಾಡು ಹಾಡಿ ಮರೆಯಾಗಬೇಕು. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತ ದೊಡ್ಡ ಮನುಷ್ಯರೇ ಟವೆಲ್ಲನ್ನು ಬಾಯಿಗೆ ಅದುಮಿಕೊಳ್ಳುತ್ತಿದ್ದರು. ಸಂಬಳಕ್ಕೆ ದೆವ್ವವಾದವಳು ಬಿಟ್ಟಿ ದೆವ್ವಗಳಿಗೆ ಹೆದರುವುದುಂಟೆ.

ಕಂಪನಿಯವರಿಗೆ ಇಂಥ ನಂಬಿಕೆಗಳು ಸ್ವಲ್ಪ ಜಾಸ್ತಿ. ಬಣ್ಣದ ಮನೆಯಲ್ಲಿ ಶಿಳ್ಳೆ ಹಾಕಬಾರದು, ಕಟ್ಟಿದ ಗೆಜ್ಜೆಯನ್ನು ದಾಟಬಾರದು, ಹಾರ್ಮೋನಿಯಂ ಮೇಲೆ ತಟ್ಟೆ ಇಡಬಾರದು. ನಾನು ಎಲ್ಲವನ್ನೂ ಮಾಡಿ ತೋರಿಸಿ ಬೈಸಿಕೊಂಡವಳು. ಆಮೇಲೆ ಸಂಗೀತ ಕಚೇರಿಗಳ ಕಾಲ ಬಂತು, ಹೆಸರು ಬಂತು. ಆಗಲೂ ಯಾರಾದರೂ ವಿಚಿತ್ರದ ಕಥೆ ಎತ್ತಿದರೆ ನಾನು ನಕ್ಕು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದೆ. ಆದ್ದರಿಂದ ಈಗ ಬರೆಯುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ನಾನು ಯಳಂದೂರಿನವಳು. ಅಪ್ಪ ದೇವಸ್ಥಾನದಲ್ಲಿ ನಾಗಸ್ವರ ನುಡಿಸುತ್ತಿದ್ದರು. ಮೂರು ಹೊತ್ತೂ ವಾಲಗದ ಸಾಧನೆ ನಡೆಯುತ್ತಿದ್ದ ಮನೆಯಲ್ಲಿ ಮೆಲ್ಲಗೆ ಮಾತಾಡಿದರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಊಟಕ್ಕೆ ಕೂತು ಉಪ್ಪು ಕೇಳುವುದೂ ತಾರಸ್ಥಾಯಿಯಲ್ಲೇ. ಹಾಗಾಗಿ ನನ್ನ ದನಿ ಹುಟ್ಟಾ ಮೇಲಿನದು. ಬೇರೆ ಹೆಂಗಸರು ಹಾರ್ಮೋನಿಯಂನ ನಾಲ್ಕು ಮನೆ ಶ್ರುತಿಯಲ್ಲಿ ಹಾಡಿ ಸುಸ್ತಾಗುವ ಕಡೆ ನಾನು ಐದು ಮನೆಯಲ್ಲಿ ಆರಾಮವಾಗಿ ಓಡಾಡುತ್ತಿದ್ದೆ. ಇದನ್ನು ಜಂಬವೆಂದು ಬೇಕಾದರೆ ತಿಳಿಯಿರಿ. ಇದ್ದದ್ದನ್ನು ಇಲ್ಲವೆನ್ನುವ ವಿನಯ ನನಗೆ ಯಾವತ್ತೂ ಬರಲಿಲ್ಲ.

ನಾನು ಕಂಪನಿ ಸೇರಿದ್ದು ಅಪ್ಪನಿಗೆ ಇಷ್ಟವಿರಲಿಲ್ಲ. ಬಣ್ಣ ಹಚ್ಚಿದವಳು ನಮ್ಮ ಹೊಸಿಲು ತುಳಿಯುವುದು ಬೇಡ ಎಂದಿದ್ದರು. ನಾನೂ ಅವರ ಮಗಳೇ ತಾನೆ? "ರಾಣಿ ಪಾತ್ರ ಮಾಡ್ದ ದಿನ ನೀನೇ ಬಂದು ಕರ್ಕಂಡು ಓಗ್ತಿಯೆ ನೋಡಪ್ಪ. ಅಲ್ಲಿ ಗಂಟ ನಾನೂ ಬರಕ್ಕಿಲ್ಲ" ಎಂದು ಹೇಳಿ ಹೊರಟು ಬಂದಿದ್ದೆ.

ಅದು ಕೊಳ್ಳೇಗಾಲ ಮದ್ರಾಸು ಸೀಮೆಯ ಕೈಬಿಟ್ಟು ಮೈಸೂರಿಗೆ ಸೇರಿದ ಹೊಸತು. ಇನ್ನು ಈ ಕಡೆಯ ಜನ ಕನ್ನಡ ನಾಟಕಕ್ಕೆ ಮುಗಿಬೀಳುತ್ತಾರೆಂದು ಲೆಕ್ಕ ಹಾಕಿದ ನಮ್ಮ ಯಜಮಾನರು ಕೊಳ್ಳೇಗಾಲದಲ್ಲಿ ಕ್ಯಾಂಪು ಹಾಕಿದರು. ಲೆಕ್ಕ ಸರಿಯಾಗಿಯೇ ಇತ್ತು. ಬಂಡಳ್ಳಿ, ಹನೂರು ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದವರು ಎತ್ತುಗಳಿಗೆ ಹುಲ್ಲು ಹಾಕಿ, ಚಾಪೆ ಬಗಲಲ್ಲಿಟ್ಟುಕೊಂಡು ನೆಲದ ಟಿಕೆಟ್ಟಿಗೆ ನಿಲ್ಲುತ್ತಿದ್ದರು. ಆ ಉತ್ಸಾಹದಲ್ಲಿ ಯಜಮಾನರಿಗೆ ಒಂದು ಹೊಸ ಹುಚ್ಚು ಹತ್ತಿತು. ಆರಂಭದಿಂದ ಮಂಗಳದವರೆಗೆ ಒಂದೂ ಮಾತಿಲ್ಲದೆ, ಎಲ್ಲವೂ ಹಾಡಿನಲ್ಲೇ ನಡೆಯುವ ನಾಟಕ. ಕೋಟೆಯ ಮೇಲೆ ನಿಂತ ರಾಣಿ ತುಂಬಿದ ಹೊಳೆಯ ಆಚೆಗಿರುವ ಗಂಡನನ್ನು ಹಾಡಿನಿಂದಲೇ ಕೂಗಿ, ಶತ್ರು ಬರುತ್ತಿದ್ದಾನೆಂದು ಎಚ್ಚರಿಸುವ ದೃಶ್ಯ ಅದರ ಜೀವ. ಮೈಕು ಇಡೋಣವೆಂದು ಯಾರೋ ಸೂಚಿಸಿದರು. "ಮೈಕೇ ಕೂಗೋದಾದ್ರೆ ರಾಣಿಗೆ ಯಾಕಯ್ಯ ಸಂಬಳ?" ಎಂದರು ಯಜಮಾನರು.

ಅವರದು ಇನ್ನೊಂದು ಪದ್ಧತಿಯಿತ್ತು. ಮುಂದಿನದು ಅರ್ಥವಾಗಬೇಕಾದರೆ ಅದನ್ನು ಹೇಳಲೇಬೇಕು. ದೊಡ್ಡ ಪಾತ್ರ ಯಾವುದಿದ್ದರೂ ಅವರು ಇಬ್ಬರನ್ನು ತಯಾರು ಮಾಡಿಸುತ್ತಿದ್ದರು, ಒಬ್ಬರಿಗೆ ಗೊತ್ತಾಗದ ಹಾಗೆ ಇನ್ನೊಬ್ಬರನ್ನು. ನಾಟಕದ ದಿನ ಬೆಳಿಗ್ಗೆ ಪೂಜೆಯಾದ ಮೇಲೆ ಕಿರೀಟವನ್ನು ಯಾರ ಕೈಗೆ ಕೊಡುತ್ತಾರೋ ಪಾತ್ರ ಅವರದು. ಸಿಗದವರು ಸಖಿಯರ ಸಾಲಿನಲ್ಲಿ ನಿಂತು ಚಾಮರ ಬೀಸಬೇಕು. ಹಾಗೆ ಒಮ್ಮೆ ಚಾಮರ ಹಿಡಿದವರ ಕೈಗೆ ಮತ್ತೆ ಕಿರೀಟ ಬಂದದ್ದನ್ನು ನಾನು ಕಂಡಿರಲಿಲ್ಲ. ರಾಣಿ ಪಾತ್ರದ ಪಾಠ ನನಗೆ ಶುರುವಾದಾಗ, ಎಲ್ಲೋ ಇನ್ನೊಬ್ಬಳಿಗೂ ಶುರುವಾಗಿದೆ ಎನ್ನುವುದರಲ್ಲಿ ನನಗೆ ಸಂಶಯವಿರಲಿಲ್ಲ. ಅಪ್ಪನ ಮುಂದೆ ಆಡಿ ಬಂದ ಮಾತು ಬೇರೆ ತಲೆಯ ಮೇಲೆ ಕೂತಿತ್ತು.

ತೊಂದರೆ ಒಂದೇ ಕಡೆ. ಕಲ್ಯಾಣಿ ರಾಗದಲ್ಲಿ ರಾಣಿ ಕೂಗುವ ಸಾಲು ಮೇಲಿನ ಗಾಂಧಾರದಿಂದ ಮೆಟ್ಟಿಲು ಹತ್ತಿದ ಹಾಗೆ ನೇರವಾಗಿ ಪಂಚಮಕ್ಕೆ ಏರಿ ಅಲ್ಲಿ ನಿಲ್ಲಬೇಕು. ಅಷ್ಟೆತ್ತರದಲ್ಲಿ ನಿಲ್ಲುವುದು ನನಗೆ ಕಷ್ಟವಿರಲಿಲ್ಲ. ಹತ್ತುವ ದಾರಿಯಲ್ಲಿ, ಮಧ್ಯಮದ ಮೇಲೆ, ದನಿ ಒಡೆಯುತ್ತಿತ್ತು. ಬೇರೆಲ್ಲ ಕಡೆ ಸರಾಗವಾಗಿದ್ದ ಗಂಟಲು ಅದೊಂದು ಜಾಗದಲ್ಲಿ ಮಡಕೆ ಬಿರಿದ ಹಾಗೆ ಆಗುತ್ತಿತ್ತು. ಹಾಡು ಕಟ್ಟಿದ ಹಾರ್ಮೋನಿಯಂ ಮೇಷ್ಟ್ರು ವಾರಗಟ್ಟಲೆ ತಾಳ್ಮೆಯಿಂದ ಹೇಳಿಕೊಟ್ಟರು. ಕೊನೆಗೆ ಒಂದು ದಿನ ಪೆಡಲ್ಲಿನಿಂದ ಕಾಲು ತೆಗೆದರು.

"ದನಿ ಅದೆ ಕಣಮ್ಮಿ, ಉಸ್ರು ನಿಲ್ತಾ ಇಲ್ಲ" ಎಂದರು. "ಒಳೆ ನೀರಲ್ಲಿ ನಿಂತ್ಕಂಡು ಸಾಧನೆ ಮಾಡು. ಸತ್ತೇಗಾಲದಲ್ಲಿ ನಮ್ಮತ್ತೆ ಅವ್ಳೆ, ಕೆಂಪಮ್ಮ ಅಂತ. ನಾಟಕದ ಗಂಟ ಅಲ್ಲೇ ಇದ್ದು ಬಾ. ಯಜಮಾನ್ರಿಗೆ ನಾನು ಏಳ್ಕತೀನಿ."

ನೀರಿನಲ್ಲಿ ನಿಂತು ಹಾಡಿದರೆ ಉಸಿರು ಗಟ್ಟಿಯಾಗುತ್ತದೆ ಎನ್ನುವುದು ಹಳೆಯ ಹಾಡುಗಾರರ ಕ್ರಮ. ಅಪ್ಪನೂ ಹೇಳುತ್ತಿದ್ದರು. ನಾನು ಒಂದು ಜೊತೆ ಸೀರೆ ಗಂಟು ಕಟ್ಟಿಕೊಂಡು ಸತ್ತೇಗಾಲದ ಬಸ್ಸು ಹತ್ತಿದೆ.

ಕೆಂಪಮ್ಮ ಗದ್ದೆ, ತೆಂಗು ಎಲ್ಲವನ್ನೂ ಒಬ್ಬಳೇ ನೋಡಿಕೊಳ್ಳುತ್ತಿದ್ದ ವಿಧವೆ. ನಾಟಕದವಳೆಂದು ಮುಖ ಸಿಂಡರಿಸದೆ ನನಗೆ ಮುದ್ದೆ ಇಕ್ಕಿದ ಪುಣ್ಯಾತ್ಮಳು. ಬೆಳಕು ಹರಿಯುತ್ತಲೇ ನನ್ನನ್ನು ಊರಿನ ಎರಡು ಸ್ನಾನದ ಕಟ್ಟೆಗಳಲ್ಲಿ ಮೇಲಿನದಕ್ಕೆ ಕರೆದುಕೊಂಡು ಹೋಗಿ, ತಾನು ಮೆಟ್ಟಿಲ ಮೇಲೆ ಕೂತು ಇದ್ದಿಲಿನಿಂದ ಹಲ್ಲು ಉಜ್ಜುತ್ತಿದ್ದಳು. ಕತ್ತಿನ ಮಟ್ಟಕ್ಕೆ ಇಳಿಯುವುದು ಕ್ರಮವೆಂದು ನಾನು ಹೇಳಿದರೆ ಅವಳು ಒಪ್ಪಲಿಲ್ಲ. "ಸ್ವಂಟದ ಗಂಟ ಸಾಕು ಕೂಸೆ. ಕತ್ತಿನ ಗಂಟ ಇಳುದ್ರೆ ಮೊಸಳೆ ಏನು ನಿನ್ ಸಂಗೀತ ಕೇಳ್ಕಂಡು ಕೂತಿರ್ತದಾ?" ಎಂದಳು. ಮೊಸಳೆಯ ಮಾತಿಗೆ ನನ್ನಲ್ಲೂ ವಾದವಿರಲಿಲ್ಲ.

ಮೊದಲ ಕೆಲವು ದಿನ ಏನೂ ವಿಶೇಷವಿಲ್ಲ. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು, ಮಧ್ಯಮದ ಮೇಲೆ ದನಿ ಎಂದಿನಂತೆ ಒಡೆಯುತ್ತಿತ್ತು. ನಾಟಕದ ದಿನ ಹತ್ತಿರವಾಗುತ್ತಿತ್ತು. ಒಂದು ಬೆಳಿಗ್ಗೆ ಹೊಳೆಯ ಮೇಲೆ ಮಂಜು ಕವಿದು ಆಚೆ ದಡ ಕಾಣುತ್ತಿರಲಿಲ್ಲ. ನಾನು ಸೊಂಟದ ಮಟ್ಟ ನೀರಲ್ಲಿ ನಿಂತು ಆ ಸಾಲಿಗೆಂದು ಉಸಿರೆಳೆದುಕೊಂಡೆ. ಬಾಯಿ ತೆರೆಯುವ ಮೊದಲೇ ಆ ಸಾಲು ಹೊಳೆ ಹರಿದು ಹೋಗುವ ಕಡೆಯಿಂದ ಕೇಳಿಸಿತು.

ಅದೇ ಮಾತು, ಅದೇ ರಾಗ, ನನ್ನದೇ ಐದು ಮನೆ ಶ್ರುತಿ. ಹೆಂಗಸಿನ ದನಿ. ಗಾಂಧಾರದವರೆಗೆ ಮೇಷ್ಟ್ರು ಕಲಿಸಿದ ದಾರಿಯಲ್ಲೇ ಬಂತು. ಅಲ್ಲಿಂದ ಮೇಲಕ್ಕೆ ಹತ್ತಲಿಲ್ಲ. ಕೆಳಗೆ ಷಡ್ಜಕ್ಕೆ ಜಾರಿ, ಅಲ್ಲಿ ಒಂದು ಚೂರು ನಿಂತು ಉಸಿರೆಳೆದುಕೊಂಡು, ಒಂದೇ ನೆಗೆತಕ್ಕೆ ಪಂಚಮದ ಮೇಲೆ ಕೂತು, ಬಿಟ್ಟು ಬಂದಿದ್ದ ಸ್ವರಗಳನ್ನು ಮೇಲಿನಿಂದ ಇಳಿಯುತ್ತಾ ಒಂದೊಂದಾಗಿ ಎತ್ತಿಕೊಂಡಿತು. ಮುಂಬಾಗಿಲು ಹಾಕಿದ್ದರೆ ಹಿತ್ತಲ ಬಾಗಿಲಿನಿಂದ ಮನೆಯೊಳಗೆ ಬಂದ ಹಾಗೆ. ಮಧ್ಯಮದ ಮೇಲೆ ಆ ದನಿ ಒಡೆಯಲಿಲ್ಲ. ಇಳಿಯುವಾಗ ಗಂಟಲು ಒಡೆಯುವುದಿಲ್ಲ ಎನ್ನುವುದು ನನಗೂ ಗೊತ್ತಿತ್ತು, ಆದರೆ ಹಾಗೆ ಮಾಡಬಹುದೆಂದು ಹೊಳೆದಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಹೆದರುತ್ತಿದ್ದರೋ ಏನೋ. ನನಗೆ ಬಂದದ್ದು ಸಿಟ್ಟು. ಯಜಮಾನರ ಹಳೆಯ ಬುದ್ಧಿ ನನಗೆ ಗೊತ್ತಿರಲಿಲ್ಲವೆ? ಇನ್ನೊಬ್ಬಳನ್ನೂ ಇದೇ ಊರಿಗೆ ಕಳಿಸಿ, ಕೆಳಗಿನ ಕಟ್ಟೆಯಲ್ಲಿ ನಿಲ್ಲಿಸಿದ್ದಾರೆ. ಮೇಷ್ಟ್ರು ನನಗೆ ನೇರ ದಾರಿ ಹೇಳಿಕೊಟ್ಟು ಅವಳಿಗೆ ಹಿತ್ತಲ ದಾರಿ ಹೇಳಿಕೊಟ್ಟಿದ್ದಾರೆ. ಹೀಗೆಂದು ಒಂದು ಕ್ಷಣದಲ್ಲಿ ತೀರ್ಮಾನಿಸಿಬಿಟ್ಟೆ. ಇರಲಿ ಎಂದುಕೊಂಡು ನನ್ನ ಸಾಲನ್ನು ನೇರ ದಾರಿಯಲ್ಲೇ ಗಟ್ಟಿಯಾಗಿ ಹಾಡಿದೆ. ಒಡೆಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ದನಿ ಮತ್ತೆ ತನ್ನ ತಿರುವನ್ನು ಹಾಡಿ ತೋರಿಸಿತು. ಬೇಕೆಂದೇ ನಿಧಾನವಾಗಿ, ಮಕ್ಕಳಿಗೆ ಪಾಠ ಹೇಳುವಂತೆ.

ಅದೂ ಹೇಗೆ ಹಾಡಿದ್ದು? ಆ ದನಿಯ ಬಗ್ಗೆ ಅಂದು ನನಗೆ ಒಂದಿಷ್ಟೂ ಮರ್ಯಾದೆ ಹುಟ್ಟಲಿಲ್ಲ. ಸ್ವಲ್ಪ ಮೂಗಿನಿಂದ ಬರುವ, ತೆಳ್ಳಗಿನ, ವಯಸ್ಸಾದ ದನಿ. ಷಡ್ಜದ ಹತ್ತಿರ ನಿಂತು ಉಸಿರೆಳೆಯುವುದನ್ನು ನೋಡಿದರೆ ಎದೆಯಲ್ಲಿ ಗಾಳಿ ಸಾಲದವಳು. ಇಂಥವಳಿಗೆ ಕಿರೀಟವೇ? ನಾನು ನೀರಿನಿಂದ ಎದ್ದು, ಒದ್ದೆ ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು, ದಡದ ಕಾಲುದಾರಿ ಹಿಡಿದು ಕೆಳಗಿನ ಕಟ್ಟೆಗೆ ಹೊರಟೆ. ಕೆಂಪಮ್ಮ ಹಿಂದಿನಿಂದ ಕೂಗುತ್ತಿದ್ದಳು.

ಕೆಳಗಿನ ಕಟ್ಟೆ ಹೊಳೆ ತಿರುಗುವ ಕಡೆ ಇತ್ತು. ಎಮ್ಮೆ ತೊಳೆಯುವವರು ಬಿಟ್ಟರೆ ಅಲ್ಲಿಗೆ ಹೋಗುವವರು ಕಡಿಮೆ. ಮೆಟ್ಟಿಲ ಪಕ್ಕದಲ್ಲಿ ಹಳೆಯ ಮತ್ತಿಮರ. ನಾನು ಹೋಗುವ ಹೊತ್ತಿಗೆ ಯಾರೂ ಇರಲಿಲ್ಲ. ಆದರೆ ಕಲ್ಲಿನ ಮೇಲೆ ಒದ್ದೆ ಹೆಜ್ಜೆಗಳಿದ್ದವು. ನೀರಿನಿಂದ ಮೇಲೆ ಬಂದು, ದಾರಿ ಬಿಟ್ಟು ಪಕ್ಕಕ್ಕೆ ಸರಿದು, ಮರದ ಬೇರಿನವರೆಗೆ ಹೋಗಿದ್ದವು. ಬೇರಿನ ಮೇಲೂ ನೀರು ಇಳಿಯುತ್ತಿತ್ತು. ಬಚ್ಚಿಟ್ಟುಕೊಂಡಿದ್ದಾಳೆಂದು ತಿಳಿದು ಮರದ ಸುತ್ತ ಒಂದು ಸುತ್ತು ಬಂದೆ. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, ಕಾಣದವಳಿಗೆ ಕೇಳಿಸಲೆಂದು ಹೇಳಿದೆ: "ಮೊಕ ತೋರಿಸ್ದೆ ಆಡೋದೇನು ದೊಡ್ದಲ್ಲ. ತಾಕತ್ತಿದ್ರೆ ಪರದೆ ಮುಂದ್ಕೆ ಬಾ."

ವಾಪಸು ಬಂದಾಗ ಕೆಂಪಮ್ಮ ಬಾಯಿ ಮುಕ್ಕಳಿಸುತ್ತಿದ್ದಳು. "ಅದ್ಯಾರು ಕೂಸೆ, ನಿಮ್ಮಕ್ಕನಾ?" ಎಂದು ಕೇಳಿದಳು. "ನಿನ್ ತರಾನೇ ಅದಲ್ಲ ದನಿ. ವಸಿ ಬಲ್ತಿರೋದು, ಅಷ್ಟೇಯ."

ನನ್ನ ದನಿಯನ್ನು ಆ ಮೂಗುದನಿಗೆ ಹೋಲಿಸಿದ್ದಕ್ಕೆ ನಾನು ಆ ಬೆಳಿಗ್ಗೆ ಅವಳ ರೊಟ್ಟಿಯನ್ನೂ ಮುಟ್ಟದೆ ಮುನಿಸಿಕೊಂಡೆ. ಆದರೆ ಈ ಒಂದು ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು: ಆ ದನಿಯನ್ನು ನಾನೊಬ್ಬಳೇ ಕೇಳಿದ್ದಲ್ಲ.

ಮರುದಿನವೂ ಅದು ಹಾಡಿತು. ಅದರ ಮರುದಿನವೂ. ನಾನು ಹುಡುಕಲು ಹೋಗಲಿಲ್ಲ. ಶತ್ರುವಿನ ಮನೆಯ ಅಡುಗೆ ರುಚಿಯಾಗಿದ್ದರೆ ಕೇಳಿ ಕಲಿಯುವುದರಲ್ಲಿ ತಪ್ಪೇನು ಎಂದು, ಆ ತಿರುವನ್ನು ಒಂದೊಂದೇ ಸ್ವರವಾಗಿ ಗಂಟಲಿಗೆ ಇಳಿಸಿಕೊಂಡೆ. ನಡುವಿನ ಉಸಿರನ್ನು ಮಾತ್ರ ಬಿಟ್ಟೆ. ನನಗೆ ಅದರ ಅಗತ್ಯವಿರಲಿಲ್ಲ. ಒಂದೇ ಉಸಿರಿನಲ್ಲಿ ಷಡ್ಜಕ್ಕೆ ಜಾರಿ ಪಂಚಮಕ್ಕೆ ನೆಗೆದು ಇಳಿದು ಬಂದ ದಿನ, ಕೆಳಗಿನಿಂದ ಯಾವ ದನಿಯೂ ಬರಲಿಲ್ಲ. ಸೋತು ಹೋದಳು ಎಂದುಕೊಂಡೆ.

ನಾಟಕದ ದಿನ ಬೆಳಿಗ್ಗೆ ಮೇಷ್ಟ್ರ ಎದುರು ಹಾಡಿದೆ. ಅವರು ಪೆಡಲ್ ತುಳಿಯುವುದನ್ನೇ ಮರೆತರು. ಯಜಮಾನರು ಕಿರೀಟವನ್ನು ನನ್ನ ಕೈಗೆ ಕೊಟ್ಟರು. ಸಂಜೆಯ ಆಟದಲ್ಲಿ ಆ ಸಾಲು ಹಾಡಿದಾಗ ನೆಲದ ಟಿಕೆಟ್ಟಿನ ಕೊನೆಯಲ್ಲಿ ನಿಂತವರೂ ಒನ್ಸ್ ಮೋರ್ ಎಂದು ಕೂಗಿದರು. ಬೇಡಿದಷ್ಟು ಸಲವೂ ಹಾಡಿದೆ. ಆಮೇಲೆ ಬಣ್ಣ ತೊಳೆಯುತ್ತಾ ಮೇಷ್ಟ್ರನ್ನು ಕೆಣಕಿದೆ. "ಇನ್ನೊಬ್ಬಳನ್ನ ಎಲ್ಲಿ ಮಡಗಿದ್ರಿ ಮೇಷ್ಟ್ರೆ? ಅವಳಿಗೆ ಒಂದು ಚಾಮರನಾದ್ರೂ ಕೊಡ್ಸಿ."

ಮೇಷ್ಟ್ರು ತಬ್ಬಿಬ್ಬಾದರು. "ಈ ಸಲ ಎರಡ್ನೆಯೋಳು ಯಾರೂ ಇರ್ನಿಲ್ಲ ಕಣಮ್ಮಿ. ಈ ಸಾಲು ಆಡೋ ಗಂಟಲು ಸುತ್ತಮುತ್ತ ಸಿಕ್ಬೇಕಲ್ಲ" ಎಂದರು. ಆ ತಿರುವನ್ನು ಯಾರು ಹೇಳಿಕೊಟ್ಟರೆಂದು ಅವರೇ ನನ್ನನ್ನು ಕೇಳಿದರು. ನಾನು ಅವರನ್ನು ನಂಬಲಿಲ್ಲ. ಕಂಪನಿಯಲ್ಲಿ ಇಂಥ ಗುಟ್ಟುಗಳನ್ನು ಯಾರೂ ಬಿಟ್ಟುಕೊಡುವುದಿಲ್ಲ. ಅದೇ ಕ್ಯಾಂಪಿನಲ್ಲಿ ಒಂದು ಸಂಜೆ ಅಪ್ಪ ಬಂದು ನಾಲ್ಕಾಣೆಯ ಟಿಕೆಟ್ಟಿನಲ್ಲಿ ಕೂತು ನೋಡಿದರು. ಆಟ ಮುಗಿದ ಮೇಲೆ ಹಿಂದಕ್ಕೆ ಬಂದು, "ಒಂಡು ಮನ್ಗೆ, ನಿಮ್ಮವ್ವ ಕಾಯ್ತಾ ಕುಂತವಳೆ" ಎಂದರು. ಅಷ್ಟೇ ಅವರ ಮೆಚ್ಚುಗೆ. ನನಗೆ ಅದರ ಮುಂದೆ ಒನ್ಸ್ ಮೋರ್ ಯಾವ ಲೆಕ್ಕ? ಬಣ್ಣ ಪೂರ್ತಿ ತೊಳೆಯದೆಯೇ ಅವರ ಹಿಂದೆ ಹೊರಟೆ.

ಅಲ್ಲಿಂದ ನನ್ನ ಜೀವನ ಏರುದಾರಿ ಹಿಡಿಯಿತು. ಆ ತಿರುವು ನನ್ನ ಗುರುತಾಯಿತು. ಸಿನಿಮಾದ ಹೊಡೆತಕ್ಕೆ ಕಂಪನಿ ಮುಚ್ಚಿದಾಗ ಮೇಷ್ಟ್ರೇ ನನಗೆ ಕೀರ್ತನೆಗಳ ಪಾಠ ಮಾಡಿ ಕಚೇರಿಗೆ ಕೂರಿಸಿದರು. ಕಲ್ಯಾಣಿ ಎತ್ತಿಕೊಂಡಾಗ ಜನ ಆ ತಿರುವಿಗಾಗಿ ಕಾದು ಕೂರುತ್ತಿದ್ದರು. ಬಲ್ಲವರು ಬಂದು "ಇದು ಯಾರ ಪಾಠ?" ಎಂದು ಕೇಳಿದರೆ "ನನ್ನದೇ" ಎನ್ನುತ್ತಿದ್ದೆ. ಹೊಳೆಯ ಮೂಗುದನಿಯನ್ನು ನಾನು ಮರೆತೇಬಿಟ್ಟಿದ್ದೆ.

ಅದು ನೆನಪಾದದ್ದು ರೇಡಿಯೋ ಸ್ಟೇಷನ್ನಿನಲ್ಲಿ. ಮೊದಲ ಸಲ ನನ್ನ ಹಾಡನ್ನು ಟೇಪು ಮಾಡಿಕೊಂಡು, ಸರಿಯಾಗಿದೆಯೇ ನೋಡೋಣವೆಂದು ಹಾಕಿದರು. ಅಲ್ಲಿಯವರೆಗೆ ನನ್ನ ದನಿಯನ್ನು ನಾನು ಹೊರಗಿನಿಂದ ಕೇಳಿರಲೇ ಇಲ್ಲ. ಆ ಕಾಲದಲ್ಲಿ ಯಾರು ತಾನೇ ಕೇಳಿದ್ದರು? ಪೆಟ್ಟಿಗೆಯಿಂದ ಬಂದದ್ದು ಸ್ವಲ್ಪ ಮೂಗಿನಿಂದ ಬರುವ, ತೆಳ್ಳಗಿನ ದನಿ. ಸತ್ತೇಗಾಲದ ಹೊಳೆಯ ದನಿ. "ಯಾರು ಇವಳು?" ಎಂದು ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಟೇಪಿನವರು ನಕ್ಕರು. "ಮೊದಲ ಸಲ ಎಲ್ಲರೂ ಹೀಗೇ ಕೇಳ್ತಾರೆ ಕಣ್ರಮ್ಮ. ನೀವೇ ಅದು."

ನಮ್ಮ ದನಿ ನಮಗೆ ಒಳಗಿನಿಂದ ಒಂದು ಥರ, ಹೊರಗಿನವರಿಗೆ ಒಂದು ಥರ ಕೇಳುತ್ತದೆಂದು ಅವರು ವಿವರಿಸಿದರು. ನಾನು ತಲೆಯಾಡಿಸಿದೆ. ಬಸ್ಸಿನಲ್ಲಿ ಬರುವಾಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಷ್ಟು ವರ್ಷದ ಹಿಂದೆ ಕೇಳಿದ ದನಿ ಯಾರಿಗೆ ಸರಿಯಾಗಿ ನೆನಪಿರುತ್ತದೆ? ನೆನಪು ಬೇಕಾದ ಹಾಗೆ ಬಣ್ಣ ಹಚ್ಚಿಕೊಳ್ಳುತ್ತದೆ. ಅಲ್ಲದೆ ಹೊಳೆಯ ದನಿ ಷಡ್ಜದಲ್ಲಿ ನಿಂತು ಉಸಿರೆಳೆಯುತ್ತಿತ್ತು. ನಾನು ಯಾವತ್ತೂ ಅಲ್ಲಿ ಉಸಿರೆಳೆದವಳಲ್ಲ. ಆ ಒಂದು ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಂಡು ಮತ್ತೆ ಕೆಲವು ವರ್ಷ ನೆಮ್ಮದಿಯಾಗಿದ್ದೆ.

ಎಪ್ಪತ್ತರ ದಶಕದಲ್ಲಿ ಒಂದು ಸಂಜೆ ಹನೂರಿನಲ್ಲಿ ಕಚೇರಿ. ಆ ಹೊತ್ತಿಗೆ ಮೇಷ್ಟ್ರು ತೀರಿಕೊಂಡಿದ್ದರು. ನನಗೆ ನಲವತ್ತು ದಾಟಿತ್ತು, ಆ ಚಳಿಗಾಲ ಕೆಮ್ಮಿನಿಂದ ಎದ್ದು ಬಂದಿದ್ದೆ. ಮೈಕು ಹಾಕಿ, ದೂರದ ಹುಣಸೆಮರಕ್ಕೆ ಒಂದು ಹಾರನ್ ಕಟ್ಟಿದ್ದರು. ಕಲ್ಯಾಣಿಯಲ್ಲಿ ಎಂದಿನಂತೆ ತಿರುವಿಗೆ ಬಂದೆ. ಷಡ್ಜಕ್ಕೆ ಜಾರಿದಾಗ ಎದೆಯಲ್ಲಿ ಗಾಳಿ ಉಳಿದಿರಲಿಲ್ಲ. ಬೇರೆ ದಾರಿಯಿಲ್ಲದೆ ಒಂದು ಚೂರು ನಿಂತು ಉಸಿರೆಳೆದುಕೊಂಡು ಪಂಚಮಕ್ಕೆ ನೆಗೆದೆ. ಅದು ಹಾರನ್ನಿನಿಂದ, ಕತ್ತಲೆಯಾಗುತ್ತಿದ್ದ ಮರದ ಕಡೆಯಿಂದ, ನನ್ನ ಕಿವಿಗೆ ವಾಪಸು ಬಂತು. ಅಲ್ಲಿಗೆ ನನ್ನ ಸಮಾಧಾನ ಮುಗಿಯಿತು. ಆ ಉಸಿರು, ಆ ನಿಲುಗಡೆ, ಆ ಬಲಿತ ಗಂಟಲು ಎಲ್ಲವೂ ಅದೇ.

ಜನ ಚಪ್ಪಾಳೆ ತಟ್ಟಿದರು. ನಾನು ಮಂಗಳ ಹಾಡಿ ಮುಗಿಸಿದೆ. ಮರುದಿನ ಮನೆಗೆ ಹೋಗುವ ಬದಲು ಸತ್ತೇಗಾಲದ ಬಸ್ಸು ಹತ್ತಿದೆ.

ಕೆಂಪಮ್ಮ ಇದ್ದಳು. ಬೆನ್ನು ಬಾಗಿತ್ತು, ಬಾಯಿ ಬಾಗಿರಲಿಲ್ಲ. "ರೇಡಿಯೋದಲ್ಲಿ ಬಂದ್ರೆ ಆಯ್ತಾ? ಈ ಮನೆ ಗ್ಯಾನ ಬರಕ್ಕೆ ಇಷ್ಟು ಕಾಲ ಬೇಕಾಯ್ತಾ?" ಎಂದು ಜಗಳ ತೆಗೆದಳು. ಬೆಳಿಗ್ಗೆ ಹೊಳೆಗೆ ಹೋಗುತ್ತೇನೆಂದಾಗ ಮೇಲಿನ ಕಟ್ಟೆಯ ದಾರಿ ತೋರಿಸಿದಳು. ನಾನು ಕೆಳಗಿನ ಕಟ್ಟೆಗೆ ಹೋದೆ.

ಮಂಜಿತ್ತು. ಮತ್ತಿಮರ ಅಲ್ಲೇ ಇತ್ತು. ಸೊಂಟದ ಮಟ್ಟ ನೀರಿಗಿಳಿದು ನಿಂತೆ. ಏನಾಗುತ್ತದೆಂದು ಕಾದೆನೋ, ಏನೂ ಆಗದಿರಲೆಂದು ಕಾದೆನೋ ಹೇಳಲಾರೆ. ಹೆದರಿಕೆ ಮಾತ್ರ ಇರಲಿಲ್ಲ. ಉಸಿರೆಳೆದುಕೊಂಡು, ವರ್ಷಗಟ್ಟಲೆ ಹಾಡದೆ ಬಿಟ್ಟಿದ್ದ ಆ ನಾಟಕದ ಸಾಲನ್ನು ಎತ್ತಿಕೊಂಡೆ. ಗಾಂಧಾರ, ಷಡ್ಜ, ಒಂದು ಉಸಿರು, ಪಂಚಮ, ಇಳಿಕೆ. ಹಾಡಿ ನಿಲ್ಲಿಸಿದೆ. ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ.

ಆಮೇಲೆ ಮೇಲಿನ ಕಟ್ಟೆಯ ಕಡೆಯಿಂದ ಒಂದು ಎಳೆಯ ದನಿ ಬಂತು. ಸಿಟ್ಟಿನ ದನಿ. ಅದೇ ಸಾಲನ್ನು ಗಟ್ಟಿಯಾಗಿ ಹಾಡುತ್ತಾ, ಗಾಂಧಾರದಿಂದ ನೇರವಾಗಿ ಹತ್ತಿ, ಮಧ್ಯಮದ ಮೇಲೆ ಒಡೆಯಿತು.

ಯಾರೋ ಊರಿನ ಹುಡುಗಿ ರೇಡಿಯೋ ಕೇಳಿ ಕಲಿತು ಹಾಡಿರಬಹುದೆಂದು ನೀವು ಹೇಳುತ್ತೀರಿ. ನಾನೂ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ರೇಡಿಯೋದಲ್ಲಿ ನಾನು ಹಾಡಿದ್ದು ಕೀರ್ತನೆಗಳನ್ನು, ಆ ನಾಟಕದ ಸಾಲನ್ನಲ್ಲ. ನೇರ ದಾರಿಯನ್ನಂತೂ ಕಿರೀಟ ಸಿಕ್ಕ ದಿನದಿಂದ ನಾನು ಹಾಡಿದ್ದೇ ಇಲ್ಲ. ಅದು ಮೇಷ್ಟ್ರು ನನಗೊಬ್ಬಳಿಗೇ ಹೇಳಿಕೊಟ್ಟಿದ್ದ ದಾರಿ. ಮೇಷ್ಟ್ರು ಹೋಗಿಯಾಗಿತ್ತು.

ಆ ಒಡೆದ ದನಿ ಕೇಳಿ ನನಗೆ ಅಳು ಬಂತು. ನನ್ನ ದನಿಯ ಮೇಲೆ ನನಗೆ ಯಾವಾಗಲೂ ಅಭಿಮಾನವಿತ್ತು; ಕರುಣೆ ಹುಟ್ಟಿದ್ದು ಅದೇ ಮೊದಲು. ಅವಳ ಚಳಿ, ಅವಳ ಹಟ, ಯಳಂದೂರಿನ ಹೊಸಿಲು, ಸಖಿಯರ ಸಾಲು ಎಲ್ಲವೂ ನನಗೆ ಗೊತ್ತು. ನಾನೀಗ ಸುಮ್ಮನೆ ನೀರಿನಿಂದ ಎದ್ದು ಹೋದರೆ ಏನಾಗುತ್ತದೆ ಎನ್ನುವ ಯೋಚನೆ ಬಂತು. ಅವಳಿಗೆ ಕಿರೀಟ ಸಿಗುವುದಿಲ್ಲ. ಅಪ್ಪ ಕರೆಯಲು ಬರುವುದಿಲ್ಲ. ಆಮೇಲೆ ನಾನು ಎಲ್ಲಿರುತ್ತೇನೆ? ಹಾಗೆ ಮಾಡಿ ನೋಡುವ ಧೈರ್ಯ ನನಗೆ ಬರಲಿಲ್ಲ. ಅವಳಿಗೆ ಅರ್ಥವಾಗುವ ಹಾಗೆ, ನಿಧಾನವಾಗಿ, ಒಂದೊಂದು ಸ್ವರವನ್ನೂ ಬಿಡಿಸಿ ಆ ತಿರುವನ್ನು ಮತ್ತೆ ಹಾಡಿದೆ.

ಮೇಲಿನ ಕಟ್ಟೆಯ ಕಡೆ ನೀರು ಕಲಕಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ದಡದ ದಾರಿಯಲ್ಲಿ ಒದ್ದೆ ಸೀರೆ ಕಾಲಿಗೆ ಬಡಿಯುವ ಸದ್ದು, ಬಿರುಸಾಗಿ ಬರುತ್ತಿತ್ತು. ನಾನು ನೀರಿನಿಂದ ಮೇಲೆ ಬಂದೆ. ಅವಳು ನುಗ್ಗಿ ಬರುವ ದಾರಿಗೆ ಅಡ್ಡವಾಗಬಾರದೆಂದು ಪಕ್ಕಕ್ಕೆ ಸರಿದು ಮತ್ತಿ ಬೇರಿನ ಮೇಲೆ ಕೂತೆ. ಕೂತ ಮೇಲೆ ಕಲ್ಲಿನ ಮೇಲಿನ ನನ್ನ ಒದ್ದೆ ಹೆಜ್ಜೆಗಳ ಕಡೆ ನೋಡಿದೆ. ಅಂದು ನಾನು ಕಂಡದ್ದು ಇವುಗಳನ್ನೇ.

ಸದ್ದು ಮೆಟ್ಟಿಲಿಗೆ ಬಂತು, ಮರವನ್ನು ಒಂದು ಸುತ್ತು ಹಾಕಿತು, ನನ್ನ ಎದುರಿಗೆ ನಿಂತಿತು. ನನ್ನ ಕಣ್ಣಿಗೆ ಮಂಜು ಬಿಟ್ಟರೆ ಏನೂ ಕಾಣಲಿಲ್ಲ. ಮಾತೂ ಕೇಳಿಸಲಿಲ್ಲ. ಯಾವ ಮಾತು ಎನ್ನುವುದು ಮಾತ್ರ ನನಗೆ ಗೊತ್ತಿತ್ತು. ಪರದೆ ಮುಂದಕ್ಕೇ ಬಂದಿದ್ದೀನಿ ಕಣೇ, ಬಂದು ಬಹಳ ವರ್ಷವಾಯಿತು ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ಸೀರೆಯ ಸದ್ದು ಬಂದ ದಾರಿಯಲ್ಲೇ ಹಿಂದಿರುಗಿತು.

ಅವಳು ಆ ಸಾಲನ್ನು ಒಂದೇ ಉಸಿರಿನಲ್ಲಿ ಹಾಡುವವರೆಗೆ ನಾನು ದಿನವೂ ಬೆಳಿಗ್ಗೆ ಹೋಗಿ ಹಾಡಿದೆ. ಹಾಡಿದ ದಿನ, ಎಷ್ಟು ಚೆನ್ನಾಗಿ ಹಾಡಿದಳೆಂದರೆ, ನಾನು ಸುಮ್ಮನಾಗಿ ಕೇಳುತ್ತಾ ನಿಂತೆ. ಆ ವಯಸ್ಸಿನ ನನ್ನ ದನಿಯನ್ನು ಯಾವ ಟೇಪೂ ಹಿಡಿದಿಟ್ಟಿರಲಿಲ್ಲ. ಜನ ಸುಮ್ಮನೆ ಹುಚ್ಚಾಗಿರಲಿಲ್ಲ ಎನಿಸಿತು. ಮನೆಗೆ ಬಂದಾಗ ಕೆಂಪಮ್ಮ ಜಗಲಿಯಲ್ಲಿ ಕೂತಿದ್ದಳು. "ಇವತ್ತು ಆ ಎಳೇ ಕೂಸು ಚಂದಾಗಿ ಆಡ್ತು" ಎಂದಳು. "ಅದ್ಯಾರಂತೆ, ಈಗ್ಲಾದ್ರೂ ಗೊತ್ತಾಯ್ತಾ?"

ಗೊತ್ತಾಯಿತು ಎಂದೆ.

ಇದನ್ನೆಲ್ಲ ಹೇಗೆ ವಿವರಿಸಬೇಕೋ ನನಗೆ ತಿಳಿಯದು. ವಿವರಣೆ ಬಲ್ಲವರು ಹೇಳಿದರೆ ಕೇಳುತ್ತೇನೆ. ಆದರೆ ದನಿ ವರ್ಷಗಳನ್ನು ದಾಟಿ ಹೇಗೆ ಬಂತು ಎನ್ನುವುದು ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಕಾಡುವುದು ಬೇರೆ. ಆ ತಿರುವನ್ನು ನಾನು ಕಲಿತದ್ದು ಕೆಳಗಿನ ಕಟ್ಟೆಯವಳಿಂದ. ಕೆಳಗಿನ ಕಟ್ಟೆಯವಳು ನಾನು. ನಾನು ಹಾಡಿದ್ದು ಹಿಂದೆ ಕಲಿತದ್ದನ್ನೇ. ಮೇಷ್ಟ್ರು ಕಟ್ಟಿದ್ದಲ್ಲ, ಅಪ್ಪನ ವಾಲಗದಲ್ಲಿ ಕೇಳಿದ್ದಲ್ಲ, ನಾನಂತೂ ಕಟ್ಟಲಿಲ್ಲ. ಹಾಗಾದರೆ ಕಟ್ಟಿದವರು ಯಾರು?

ನನ್ನ ಹತ್ತಿರ ಪಾಠಕ್ಕೆ ಬರುವ ಹುಡುಗಿಯರು ಕಲ್ಯಾಣಿಯ ಆ ಜಾಗಕ್ಕೆ ಬಂದಾಗ ತಪ್ಪದೆ ಕೇಳುತ್ತಾರೆ: "ಇದು ಯಾರ ಪಾಠ ಅಮ್ಮ?" ಮೊದಲಾಗಿದ್ದರೆ ನನ್ನದೇ ಎಂದು ಎದೆಯುಬ್ಬಿಸಿ ಹೇಳುತ್ತಿದ್ದೆ. ಈಗ ತಂಬೂರಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಸರಿಯಾಗಿಯೇ ಇರುವ ಶ್ರುತಿಯನ್ನು ಮತ್ತೊಮ್ಮೆ ಸರಿಮಾಡುತ್ತಾ ಕೂರುತ್ತೇನೆ.